ಪೂಜೆಗೆ ಕೂತ ಸ್ಟ್ಯಾಂಡುಗಳು

ಮೆಲ್ಬರ್ನಿನ ಪಾಯಿಂಟ್ ಕುಕ್‌ನ ಕನ್ನಡದವರಲ್ಲಿ ಯಾರನ್ನಾದರೂ ಭಾಸ್ಕರ ರಾಯರ ಮನೆ ಎಲ್ಲಿ ಎಂದು ಆಗ ಕೇಳಿ ನೋಡಬೇಕಿತ್ತು. ಬೀದಿಯ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. "ಮನೆ ಮುಂದೆ ಲಾರಿ ನಿಂತಿರತ್ತಲ್ಲ, ಅದೇ" ಎನ್ನುತ್ತಿದ್ದರು. ಅಕ್ಕಪಕ್ಕದ ಮನೆಗಳ ಮುಂದೆಲ್ಲ ತೊಳೆದು ಒರೆಸಿದ ಕಾರುಗಳು, ಅಂಗೈಯಗಲದ ಹುಲ್ಲು, ಎರಡು ಗುಲಾಬಿ ಗಿಡ. ರಾಯರ ಮನೆಯ ಮುಂದೆ ಮಾತ್ರ ಹದಿನೈದು ವರ್ಷ ಹಳೆಯ ಬಿಳಿ ಲಾರಿ. ಸಣ್ಣದೇ ಅನ್ನಿ, ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದಾದದ್ದು. ಆದರೂ ಲಾರಿ ಲಾರಿಯೇ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೇಷ್ಟರ ಮನೆಗೆ ಲಾರಿ ಯಾಕೆ ಬಂತು ಎಂಬುದು ಸಿಡ್ನಿಯಿಂದ ಶುರುವಾಗುವ ಕಥೆ. ರಾಯರು ಮೈಸೂರಿನವರು. ಮೂವತ್ತು ವರ್ಷ ಪಾಠ ಹೇಳಿದವರು, ಎಂಟು ವರ್ಷ ಅಲ್ಲಿ, ಮಿಕ್ಕಿದ್ದು ಸಿಡ್ನಿಯಲ್ಲಿ. ನಿವೃತ್ತಿಯಾದರೂ ಪಾಠ ನಿಂತಿಲ್ಲ. ಅವರ ಎದುರು ಕುಕ್ಕರ್ ಕೂಗಿದರೆ ಆವಿಯ ಒತ್ತಡದ ಪಾಠ, ಬಾಗಿಲು ಕಿರ್ರೆಂದರೆ ಘರ್ಷಣೆಯ ಪಾಠ. ಊಟಕ್ಕೆ ಕರೆದವರ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದ್ದರಂತೂ ಮುಗಿಯಿತು, ಸಾರು ಆರಿಹೋಗುವವರೆಗೂ ಬಿಡುವುದಿಲ್ಲ. ಅವರ ಹೆಂಡತಿ ಅನುಸೂಯಮ್ಮ ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದವರು. ಮಾತು ಕಡಿಮೆ. ಗಂಡ ಇಬ್ಬರ ಪಾಲಿನದನ್ನೂ ಆಡಿ ಮುಗಿಸುವಾಗ ಅವರಿಗಾದರೂ ಉಳಿಯುವುದೇನು ಹೇಳಿ.

ಮಗಳು ನಿಕಿತಾಳಿಗೆ ಕ್ಲೇಟನ್‌ನ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿತು. ಅವಳು ಮೆಲ್ಬರ್ನಿಗೆ ಹೋದ ಆರು ತಿಂಗಳಿಗೆ ಇವರೂ ಹೊರಟರು. ಮನೆ ಸಾಗಿಸುವವರು ರಾಯರ ಅಮ್ಮನ ಕಾಲದ ತೇಗದ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ನೋಡಿದ್ದು ರಾಯರಿಗೆ ಸರಿಬರಲಿಲ್ಲ. "ಇವರಿಗೆ ಸೆಂಟರ್ ಆಫ್ ಗ್ರಾವಿಟಿ ಅಂದ್ರೇನು ಅಂತಲೇ ಗೊತ್ತಿಲ್ಲ ಕಣೇ!" ಎಂದು ಅವರನ್ನು ವಾಪಸು ಕಳಿಸಿ, ಮಾರನೇ ವಾರ ಈ ಲಾರಿಯನ್ನು ಕೊಂಡು ತಂದು ನಿಲ್ಲಿಸಿದರು. ಸಾಮಾನು ಸಾಗಿಸಿದ ಮೇಲೆ ಮಾರಿಬಿಡುವುದು ಎಂದು ಮಾತು. ಅನುಸೂಯಮ್ಮ ನಂಬಿದರು.

ಹ್ಯೂಮ್ ಹೈವೇಯಲ್ಲಿ, ಹೋಲ್‌ಬ್ರೂಕ್ ದಾಟಿದ ಮೇಲೆ ಮುಂದಿನ ಎಡ ಚಕ್ರ ಪಂಕ್ಚರ್ ಆಯಿತು. ಲಾರಿ ಮಾರಿದವನು ಜಾಕ್ ಕೊಟ್ಟಿರಲಿಲ್ಲ. ಚಿಂತೆಯಿಲ್ಲ, ರಾಯರು ತಮ್ಮ ಕಾರಿನ ಜಾಕನ್ನು ಹಾಕಿಕೊಂಡು ಬಂದಿದ್ದರು. ಅಂಗೈಯಷ್ಟು ಚಿಕ್ಕದು, ಲಾರಿಯ ಅಚ್ಚಿನವರೆಗೆ ಎಟುಕಲಿಲ್ಲ. ಅದರ ತಲೆಯ ಮೇಲೆ ಪುಸ್ತಕದ ಕಪಾಟಿನ ಎರಡು ಹಲಗೆ ಇಟ್ಟು ಎತ್ತರ ಮಾಡಿ, ರಸ್ತೆಯ ಪಕ್ಕದ ಮೆತ್ತನೆ ಮಣ್ಣಿನ ಮೇಲೆ ಕೂರಿಸಿ, ಎತ್ತುತ್ತಾ ಪಾಠ ಶುರುಮಾಡಿದರು. ಲಾರಿ ಮೇಲೇಳುವ ಬದಲು ಜಾಕ್ ಮಣ್ಣೊಳಗೆ ಇಳಿಯಿತು. ಮೇಲಿನ ಹಲಗೆ ಫಟ್ಟೆಂದು ಹಾರಿ ಅನುಸೂಯಮ್ಮನ ಕಾಲಿನಿಂದ ಗೇಣು ದೂರದಲ್ಲಿ ಬಿತ್ತು.

ಹಿಂದಿನಿಂದ ಬರುತ್ತಿದ್ದ ದೊಡ್ಡ ಟ್ರಕ್ಕಿನ ಡ್ರೈವರ್ ಒಬ್ಬ ಅದನ್ನು ನೋಡಿ ಗಾಡಿ ನಿಲ್ಲಿಸಿದ. ಅರವತ್ತು ದಾಟಿದ ಬಿಳಿಗಡ್ಡದ ಆಸ್ಟ್ರೇಲಿಯನ್. ಏನೂ ಬೈಯಲಿಲ್ಲ, ನಗಲೂ ಇಲ್ಲ. ತನ್ನ ಜಾಕ್ ತಂದ, ಅದೇ ಹಲಗೆಗಳನ್ನು ಎತ್ತಿ ಜಾಕಿನ ಕೆಳಗೆ ಇಟ್ಟ. ಹಲಗೆ ಇರಬೇಕಾದದ್ದು ಕೆಳಗೆ, ಮೇಲಲ್ಲ ಎಂದ. ಹಿಂದಿನ ಚಕ್ರಗಳು ಉರುಳದಂತೆ ಅಡೆ ಕೊಟ್ಟ. ಚಕ್ರ ಎದ್ದ ಕೂಡಲೇ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡೊಂದನ್ನು ಕೂರಿಸಿ ಲಾರಿಯ ಭಾರವನ್ನು ಅದರ ಮೇಲೆ ಬಿಟ್ಟ. ಹೋಗುವಾಗ ಅನುಸೂಯಮ್ಮನ ಕಡೆ ತಿರುಗಿ, ಜಾಕ್ ಇರೋದು ಎತ್ತೋದಕ್ಕೆ, ಹಿಡಿದಿಟ್ಟುಕೊಳ್ಳೋದಕ್ಕಲ್ಲ, ನಿಮ್ಮ ಯಜಮಾನರಿಗೆ ಹೇಳಿ ಎಂದ. ಯಜಮಾನರು ಪಕ್ಕದಲ್ಲೇ ನಿಂತಿದ್ದರು.

ಅಲ್ಲಿಂದ ಆಲ್ಬರಿವರೆಗೆ ರಾಯರು ಒಂದೇ ಒಂದು ಪಾಠ ಮಾಡಲಿಲ್ಲ. ಅನುಸೂಯಮ್ಮ ಬಾಯಿಬಿಟ್ಟರು. "ವೆಸ್ಟ್‌ಮೀಡ್‌ನಲ್ಲಿ ನಾನು ಎಷ್ಟು ಕೈ ನೋಡಿದೀನಿ ಗೊತ್ತೇನ್ರೀ? ಗಾಡಿ ಕೆಳಗೆ ಸಿಕ್ಕಿಕೊಂಡ ಕೈ. ಎಲ್ಲಾ ನಿಮ್ಮ ಥರಾನೇ. ಒಂದ್ನಿಮಿಷದ ಕೆಲಸ ಅಂತ ಹಾಕಿದೋರೇ."

ಪಾಯಿಂಟ್ ಕುಕ್‌ಗೆ ಬಂದ ಮೇಲೆ ಲಾರಿ ಮಾರುವ ಮಾತು ಹಿಂದೆ ಬಿತ್ತು, ಜಾಕ್ ಕೊಳ್ಳುವ ಮಾತು ಮುಂದೆ ಬಂತು. ಅಯ್ಯೋ, ಆ ಜಾಕ್ ಆರಿಸಿದ್ದನ್ನು ಹೇಳಬೇಕು! ನಿಕಿತಾಳಿಗೆ ವರ ನೋಡುವಾಗಲೂ ರಾಯರು ಅಷ್ಟು ಅಂಗಡಿ ತಿರುಗಿರಲಿಲ್ಲ. (ಅವಳು ತಾನೇ ನೋಡಿಕೊಂಡಳು, ಅದು ಬೇರೆ.) ಲಾರಿಯ ಅಚ್ಚು ನೆಲದಿಂದ ಎಷ್ಟು ಎತ್ತರ ಎಂದು ಅಳೆದರು. ಮೂರು ತಿಂಗಳು ಶನಿವಾರವೆಲ್ಲ ಟೇಪು ಹಿಡಿದು ಅಂಗಡಿಗಳ ನೆಲದ ಮೇಲೆ ಅಂಗಾತ ಮಲಗಿ ಒಂದೊಂದು ಜಾಕನ್ನೂ ಎತ್ತಿ ಇಳಿಸಿ ನೋಡಿದರು. ಒಂದು ಅಂಗಡಿಯ ಹುಡುಗಿ ಮುದುಕರಿಗೆ ಏನೋ ಆಗಿದೆ ಎಂದು ಆಂಬ್ಯುಲೆನ್ಸ್ ಕರೆಯಲು ಫೋನ್ ಕೈಗೆತ್ತಿಕೊಂಡಿದ್ದಳು. "ಎರಡು ಟನ್ ಸಾಲದು. ಒಂದು ಮೂಲೆ ಎತ್ತೋದು ತಾನೇ, ಸಾಕು ಅಂತಾರೆ. ಒಳಗೆ ಲೋಡ್ ಇದ್ರೆ? ನಮ್ಮ ಭಾರಕ್ಕಿಂತ ಅದರ ತಾಕತ್ತು ಒಂದೂವರೆ ಪಟ್ಟಾದ್ರೂ ಇರಬೇಕು. ಕೆಳಗಿಳಿಸಿದಾಗ ಅಚ್ಚಿನ ಕೆಳಗೆ ನುಸುಳಬೇಕು, ಎತ್ತಿದಾಗ ಹಲಗೆ ಇಡದೇನೇ ಮುಟ್ಟಬೇಕು," ಎಂದು ಅನುಸೂಯಮ್ಮನಿಗೆ ಪಲ್ಯ ಹೆಚ್ಚುವಾಗಲೂ ಬಿಡದೆ ಹೇಳಿದರು. ಕೊನೆಗೆ ನಾಲ್ಕು ಟನ್ನಿನದೊಂದು ಕೆಂಪು ಜಾಕ್ ಬಂತು, ನಾಲ್ಕು ಗಾಲಿಯದು, ಆಳುದ್ದದ ಹಿಡಿಯದು. ಇದರ ತೂಕ ನಿನಗಿಂತ ಹತ್ತೇ ಕಿಲೋ ಕಡಿಮೆ ಎಂದು ಹೇಳಿ ರಾಯರು ಬೈಸಿಕೊಂಡರು. ಜೊತೆಗೆ ಪಿನ್ನು ಹಾಕುವ ಎರಡು ಗಟ್ಟಿ ಸ್ಟ್ಯಾಂಡು, ಚಕ್ರಕ್ಕೆ ಕೊಡುವ ಹಳದಿ ರಬ್ಬರಿನ ಎರಡು ಅಡೆ.

ಅವನ್ನೆಲ್ಲ ಗ್ಯಾರೇಜಿನಲ್ಲಿ ಜೋಡಿಸಿದ ದಿನವೇ ಅನುಸೂಯಮ್ಮ ಷರತ್ತು ಹಾಕಿದರು. "ಲಾರಿ ಇಟ್ಕೊಳ್ಳಿ. ಆದ್ರೆ ಚಕ್ರಕ್ಕೆ ಅಡೆ, ಕೆಳಗೆ ಸ್ಟ್ಯಾಂಡು. ಎರಡೂ ಇಲ್ಲದೆ ಒಂದು ಬೆರಳು ಒಳಗೆ ಹೋದ್ರೂ ಮಾರನೇ ದಿನ ಈ ಲಾರಿ ಮನೇಲಿ ಇರಬಾರದು."

"ಆಯ್ತು ಮಾರಾಯ್ತಿ, ನಿನ್ನಾಣೆ," ಎಂದರು ರಾಯರು.

ಲಾರಿ ಯಾಕೆ ಬೇಕಿತ್ತು ಎಂದರೆ, ಹೇಳಿಬಿಡೋಣ, ಫೋನಿಗಾಗಿ. ನಿವೃತ್ತಿಯಾದ ಮೇಲೆ ರಾಯರ ಫೋನು ಸತ್ತಂತೆ ಬಿದ್ದಿರುತ್ತಿತ್ತು. ಲಾರಿ ಬಂದ ಮೇಲೆ ಅದಕ್ಕೆ ಪುರುಸೊತ್ತಿಲ್ಲ. ಗಣೇಶನ ಹಬ್ಬಕ್ಕೆ ಕನ್ನಡ ಸಂಘದ ಮಂಟಪ ಸಾಗಿಸಬೇಕು, ರಾಯರೇ. ರಾಜ್ಯೋತ್ಸವಕ್ಕೆ ಅಡುಗೆ ಪಾತ್ರೆ ಬರಬೇಕು, ರಾಯರೇ. ಕ್ಲೇಟನ್‌ನಲ್ಲಿ ರೆಂಟ್ ಜಾಸ್ತಿಯಾಗಿ ಮನೆ ಬದಲಿಸುವ ಹುಡುಗರೆಲ್ಲ ಅಂಕಲ್, ಅಂಕಲ್ ಎಂದು ಕರೆಯುವವರೇ. ಹಾಸಿಗೆ ಫ್ರಿಜ್ಜು ಹೇರಿಕೊಂಡು, ಪಕ್ಕದಲ್ಲಿ ಕೂತ ಪ್ರಾಣಿಗೆ ದಾರಿಯುದ್ದಕ್ಕೂ ಗೇರ್‌ಬಾಕ್ಸಿನ ಪಾಠ. ಇಳಿದು ಓಡುವಂತಿಲ್ಲ, ಫ್ರೀವೇ. ಬೆಳಿಗ್ಗೆ ಎದ್ದರೆ ತಾವು ಯಾರಿಗೋ ಬೇಕು ಎಂಬ ನೆಮ್ಮದಿ ರಾಯರಿಗೆ ಮತ್ತೆ ಸಿಕ್ಕಿತ್ತು. ಆ ಲಾರಿ ಹೋದರೆ ತಾವು ಬರೀ ಮನೆಯ ಮೂಲೆಯ ಮುದುಕ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಎರಡು ವರ್ಷ ಆಣೆಯನ್ನು ಅಕ್ಷರಶಃ ಪಾಲಿಸಿದರು. ಸಮತಟ್ಟಾದ ಗಟ್ಟಿ ನೆಲ ಬೇಕೆಂದು, ಗ್ರೀಸ್ ಹಚ್ಚುವುದಕ್ಕೂ ಲಾರಿಯನ್ನು ಇಳಿಜಾರಿನ ಡ್ರೈವ್‌ವೇಯಿಂದ ಬೀದಿಗೆ ತರುತ್ತಿದ್ದರು.

ಹೀಗಿರುವಾಗ ಆಯುಧಪೂಜೆ ಬಂತು. ಆ ಸಲ ಶುಕ್ರವಾರ. ಗ್ಯಾರೇಜಿನಲ್ಲಿ ಮಣೆ ಹಾಕಿ ಅನುಸೂಯಮ್ಮ ರಂಗೋಲಿ ಬಿಟ್ಟರು. ಸ್ಪ್ಯಾನರು, ಸುತ್ತಿಗೆ, ಈಳಿಗೆಮಣೆ, ಲ್ಯಾಪ್‌ಟಾಪು, ನಡುವೆ ರಾಯರ ಎರಡು ಸ್ಟ್ಯಾಂಡು ಮತ್ತು ಹಳದಿ ಅಡೆಗಳು, ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಜಾಕನ್ನು ಮಣೆಯ ಮೇಲೆ ಎತ್ತಿಡುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಅದು ಬಾಗಿಲ ಆಚೆಗೇ ಉಳಿಯಿತು. ಮಂಗಳಾರತಿಯಾಯಿತು, ಹೊರಗೆ ಇಳಿಜಾರಿನ ಡ್ರೈವ್‌ವೇಯಲ್ಲಿ ನಿಂತಿದ್ದ ಲಾರಿಗೂ ಹಾರ ಬಿತ್ತು. ಇನ್ನು ನಾಲ್ಕು ಚಕ್ರಗಳ ಅಡಿ ನಾಲ್ಕು ನಿಂಬೆಹಣ್ಣಿಟ್ಟು ಲಾರಿಯನ್ನು ಅವುಗಳ ಮೇಲೆ ಹಾಯಿಸಿದರೆ ಮುಗಿಯಿತು. ಅನುಸೂಯಮ್ಮ ನೈವೇದ್ಯದ ಹಯಗ್ರೀವ ಬಡಿಸಲು ಒಳಗೆ ಹೋದರು. ರಾಯರು ಕೀಲಿ ತಿರುಗಿಸಿದರು.

ಲಾರಿ ಕಮಕ್ ಕಿಮಕ್ ಅನ್ನಲಿಲ್ಲ.

ಹಿಂದಿನ ದಿನ ತೊಳೆಯುವಾಗ ಒಳಗಿನ ದೀಪ ಆರಿಸಲು ಮರೆತಿದ್ದರು. ಬ್ಯಾಟರಿ ಸತ್ತಿತ್ತು. ಕಾರಿನ ಬ್ಯಾಟರಿಯಿಂದ ಎಬ್ಬಿಸೋಣವೆಂದರೆ ಲಾರಿಯದು ಅದಕ್ಕೆ ಹೊಂದುವುದಿಲ್ಲ. ಗಾಡಿ ಕೆಟ್ಟರೆ ಬಂದು ಎಬ್ಬಿಸುವವರಿಗೆ ಫೋನ್ ಮಾಡಿದರೆ, ಬರಲು ಎರಡು ಗಂಟೆಯಾಗುತ್ತದೆ ಎಂದರು. ಗಡಿಯಾರ ನೋಡಿದರು, ಹತ್ತು ಗಂಟೆ. ಹತ್ತೂವರೆಗೆ ರಾಹುಕಾಲ. ಮೂವತ್ತು ವರ್ಷ ವಿಜ್ಞಾನ ಬೋಧಿಸಿದವರಿಗೆ ರಾಹುವೇ ಎಂದು ನಗಬೇಡಿ, ವಿಜ್ಞಾನ ಕಾಲೇಜಿಗೆ, ರಾಹು ಮನೆಗೆ.

ಆಗಲೇ ರಾಯರ ತಲೆಗೆ ಆ ಘನವಾದ ಉಪಾಯ ಹೊಳೆದದ್ದು. ಲಾರಿ ನಿಂಬೆಹಣ್ಣಿನ ಮೇಲೆ ಹತ್ತದಿದ್ದರೇನು, ಲಾರಿಯನ್ನೇ ಎತ್ತಿ ನಿಂಬೆಹಣ್ಣಿನ ಮೇಲೆ ಇಳಿಸಿದರಾಯಿತು! ಅಡೆ ಮತ್ತು ಸ್ಟ್ಯಾಂಡಿಗಾಗಿ ಗ್ಯಾರೇಜಿಗೆ ಹೋದರು. ಅವು ಹೂ ಮುಡಿದು ಮಣೆಯ ಮೇಲೆ ಕೂತಿದ್ದವು. ಪೂಜೆಗೆ ಕೂತ ಆಯುಧವನ್ನು ಆ ದಿನ ಎತ್ತುವಂತಿಲ್ಲ, ನಾಳೆ ವಿಜಯದಶಮಿಗೇ ತೆಗೆಯಬೇಕು. ಈಳಿಗೆಮಣೆ ಸಿಗುವುದಿಲ್ಲವೆಂದು ಅನುಸೂಯಮ್ಮ ತರಕಾರಿಯನ್ನು ನಿನ್ನೆಯೇ ಹೆಚ್ಚಿಟ್ಟುಕೊಂಡಿದ್ದರು. ಜಾಕಾದರೋ ಮಣೆ ಹತ್ತಿಲ್ಲ, ಅದಕ್ಕೆ ಮಡಿ ಮೈಲಿಗೆ ಇಲ್ಲ. ಅಂದರೆ ಎತ್ತುವುದಕ್ಕೆ ಶಾಸ್ತ್ರದ ಒಪ್ಪಿಗೆ ಉಂಟು, ಹಿಡಿದಿಡುವುದಕ್ಕೆ ಇಲ್ಲ. ಹ್ಯಾಂಡ್‌ಬ್ರೇಕ್ ಇದೆಯಲ್ಲ, ಸಾಕು, ಬರೀ ನಿಂಬೆಹಣ್ಣು ಇಟ್ಟು ಕೈ ತೆಗೆಯುವುದು, ಒಂದು ನಿಮಿಷದ ಕೆಲಸ ಎಂದುಕೊಂಡರು.

ಮುಂದಿನ ಎರಡು ಚಕ್ರ ಸಲೀಸಾಗಿ ಎದ್ದವು, ಇಳಿದವು, ಹಣ್ಣುಗಳು ಪಚಕ್ ಎಂದವು. ರಾಯರಿಗೆ ಹುಮ್ಮಸ್ಸು ಬಂದು ಶ್ಲೋಕ ಗುನುಗಿಕೊಂಡು ಹಿಂದಿನ ಎಡ ಚಕ್ರಕ್ಕೆ ಜಾಕ್ ಕೊಟ್ಟರು. ಚಕ್ರ ನೆಲ ಬಿಟ್ಟಿತು. ಮಂಡಿಯೂರಿ, ನಿಂಬೆಹಣ್ಣನ್ನು ಚಕ್ರದಡಿಗೆ ಇಟ್ಟರು. ಅದು ಇಳಿಜಾರಿಗೆ ಉರುಳಿತು. ಮತ್ತೆ ಮೊಣಕೈವರೆಗೂ ಕೈ ಚಾಚಿ ಹಿಡಿದು ಕೂರಿಸಿದರು. ಆ ಹೊತ್ತಿಗೆ ಊದುಬತ್ತಿಯ ಹೊಗೆ ಮೂಗಿಗೆ ಹೋಗಿ ಸೀನು ಬಂತು. ಮೂಗು ಮುಚ್ಚಲು ಕೈ ಎಳೆದುಕೊಂಡರು.

ಸೀನು ಮುಗಿಯುವುದರೊಳಗೆ ಲಾರಿ ಮೆಲ್ಲಗೆ ಹಿಂದಕ್ಕೆ ಜರುಗಿತು. ಜಾಕ್ ವಾಲಿತು. ಚಕ್ರ ಧೊಪ್ಪನೆ ನಿಂಬೆಹಣ್ಣಿನ ಮೇಲೆ ಬಿತ್ತು, ನೆಲ ಮುಟ್ಟಿದ್ದೇ ಲಾರಿ ಗಕ್ಕನೆ ನಿಂತಿತು. ಏನೂ ಆಗಿಲ್ಲವೆನ್ನುವ ಹಾಗೆ ಹಾರದ ಹೂಗಳು ಅಲ್ಲಾಡುತ್ತಿದ್ದವು.

ರಾಯರು ಡ್ರೈವ್‌ವೇಯಲ್ಲೇ ಕೂತು ಚಪ್ಪಟೆಯಾದ ಹಣ್ಣನ್ನು ನೋಡಿದರು. ಯಾಕೆ ಹಾಗಾಯಿತೆಂದು ಅವರಿಗೆ ಆ ಕ್ಷಣದಲ್ಲೇ ತಿಳಿದಿತ್ತು. ಇಂಥ ಲಾರಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಎರಡೂ ಚಕ್ರಗಳನ್ನು ತಿರುಗಿಸುವ ನಡುವಿನ ದಂಡವನ್ನು. ಹಿಂದಿನ ಒಂದು ಚಕ್ರ ಗಾಳಿಯಲ್ಲಿದ್ದರೆ ಅದು ತಿರುಗುತ್ತದೆ, ಅದರ ಜೊತೆ ಇನ್ನೊಂದೂ ಬಿಟ್ಟುಕೊಳ್ಳುತ್ತದೆ, ಬ್ರೇಕ್ ಇದ್ದೂ ಇಲ್ಲ. ಡಿಫರೆನ್ಶಿಯಲ್ ಎಂಬ ಈ ಪಾಠವನ್ನು ಅವರು ಮೂವತ್ತು ವರ್ಷ, ವರ್ಷಕ್ಕೆರಡು ಸಲ, ಬೋರ್ಡಿನ ಮೇಲೆ ಬಣ್ಣದ ಚಿತ್ರ ಬರೆದು ಹೇಳಿದ್ದರು. ಒಬ್ಬ ವಿದ್ಯಾರ್ಥಿ ತಪ್ಪು ಬರೆದನೆಂದು ಫೇಲ್ ಕೂಡ ಮಾಡಿದ್ದರು.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಯಾರೂ ನೋಡಿರಲಿಲ್ಲ. ಎದ್ದರು. ಜಾಕನ್ನು ಎತ್ತಿ ನಿಲ್ಲಿಸಿ ಬಾಗಿಲ ಪಕ್ಕಕ್ಕೆ ದಬ್ಬಿದರು. ನಾಲ್ಕನೆಯ ಹಣ್ಣನ್ನು ಜೇಬಿಗೆ ಹಾಕಿಕೊಂಡರು. ಲಾರಿ ಉಳಿಯಬೇಕಾದರೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಜೀವಮಾನದಲ್ಲಿ ಒಂದೇ ಒಂದು ಸಲ.

ಒಳಗೆ ಅನುಸೂಯಮ್ಮ ಎಲೆ ಹಾಕಿದ್ದರು. "ಆಯ್ತೇನ್ರೀ? ನಾಲ್ಕೂ?"

"ಹೂಂ, ಆಯ್ತು."

"ರಾಹುಕಾಲಕ್ಕೆ ಮುಂಚೆ ಮುಗೀತಲ್ಲ, ಸದ್ಯ." ಹಯಗ್ರೀವ ಬಡಿಸುತ್ತಾ ಗಂಡನ ಮುಖ ನೋಡಿದರು. "ಅರೆ, ಇವತ್ತು ಒಂದು ಪಾಠಾನೂ ಇಲ್ವಲ್ಲ, ಯಾಕೆ?"

"ಹೊಟ್ಟೆ ಹಸಿದಿದೆ ಕಣೇ."

"ಅಯ್ಯೋ ಪಾಪ, ಬೆಳಗಿಂದ ಉಪವಾಸ ಅಲ್ವಾ," ಎಂದು ಅನುಸೂಯಮ್ಮ ಇನ್ನೊಂದು ಸೌಟು ಬಡಿಸಿ, ಮೇಲೆ ಒಂದು ಚಮಚ ತುಪ್ಪವನ್ನೂ ಹಾಕಿದರು.

ಬೈದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಅನುಮಾನ ಪಟ್ಟಿದ್ದರೆ ವಾದ ಮಾಡುತ್ತಿದ್ದರು. ಈ ತುಪ್ಪ ಮಾತ್ರ ಅವರ ಲೆಕ್ಕದಲ್ಲಿರಲಿಲ್ಲ. ತುತ್ತನ್ನು ಎಲೆಯಲ್ಲೇ ಬಿಟ್ಟರು.

"ಕೈ ಇಟ್ಟೆ ಕಣೇ. ಅಡೆ ಇರ್ಲಿಲ್ಲ, ಸ್ಟ್ಯಾಂಡೂ ಇರ್ಲಿಲ್ಲ. ಲಾರಿ ಬಿತ್ತು. ಸೀನು ಬಂತು ಅಂತ ಕೈ ತೆಗೆದಿದ್ದೆ, ಅಷ್ಟೇ."

ಅನುಸೂಯಮ್ಮ ಒಲೆ ಆರಿಸಿದರು. ಲಾರಿ ನೋಡಲು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದವರೇ ಗಂಡನ ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದು ಬೆರಳನ್ನೂ ಮಡಿಸಿ ಬಿಡಿಸಿ ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತರು. ನಿವೃತ್ತಿಯ ದಿನವೂ ಅಳದ ಹೆಂಗಸು.

"ಆ ಕೈಗಳ ಹೆಂಡ್ತೀರು ಥಿಯೇಟರ್ ಹೊರಗೆ ಕೂತಿರೋರು ಕಣ್ರೀ. ನಾನು ಬಾಗಿಲು ತೆಗೆದಾಗೆಲ್ಲ ನನ್ನ ಮುಖ ನೋಡೋರು. ನಾನು ಬೇರೆ ಕಡೆ ನೋಡ್ಕೊಂಡು ಹೋಗ್ತಿದ್ದೆ. ಇವತ್ತು ನಾನು ಎಲ್ಲಿ ಕೂತಿರ್ತಿದ್ದೆ, ಹೇಳಿ? ಯಾವ ಬಾಗಿಲು ನೋಡ್ತಾ ಕೂತಿರ್ತಿದ್ದೆ?"

ನಿಜ ಹೇಳಿದ್ದಕ್ಕೆ ಶಿಕ್ಷೆಯಲ್ಲಿ ಏನಾದರೂ ರಿಯಾಯಿತಿ ಸಿಗಬಹುದೇ ಎಂಬ ಆಸೆ ರಾಯರ ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು, ಯಾಕೆ ಸುಳ್ಳು ಹೇಳಬೇಕು. ಅನುಸೂಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು.

"ಮಾರನೇ ದಿನ ಅಂದಿದ್ದೆ. ನಾಳೆ ವಿಜಯದಶಮಿ, ಒಳ್ಳೇ ದಿನಾನೇ. ಯಾರಿಗೆ ಫೋನ್ ಮಾಡ್ತೀರೋ ಮಾಡಿ."

ರಾಯರು ಮಾಡಿದರು. ವಾದ ಮಾಡಲಿಲ್ಲ, ಅದೇ ಆಶ್ಚರ್ಯ.

ಮಾರನೇ ದಿನ ಕೊಳ್ಳಲು ಬಂದವನು ಅಮೃತ್. ರಾಯರ ಲಾರಿಯಲ್ಲೇ ಒಮ್ಮೆ ಕ್ಲೇಟನ್‌ನಲ್ಲಿ ಮನೆ ಬದಲಿಸಿದವನು, ಈಗ ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಮನೆ ಸಾಗಿಸುವುದನ್ನೇ ಕಸುಬು ಮಾಡಿಕೊಳ್ಳಲು ಹೊರಟಿದ್ದ. ಹೊಸ ಬ್ಯಾಟರಿ ಹಾಕಿದ ಲಾರಿಯನ್ನು ಬೀದಿಯ ಸಮತಟ್ಟು ಜಾಗಕ್ಕೆ ತಂದು ನಿಲ್ಲಿಸಿ, ಜಾಕ್, ಸ್ಟ್ಯಾಂಡು, ಅಡೆ ಎಲ್ಲವನ್ನೂ ಅದರ ಜೊತೆಗೇ ಕೊಡಲು ರಾಯರು ಹೊರಗಿಟ್ಟಿದ್ದರು. ಅಮೃತ್ ಸುತ್ತು ಹಾಕಿ ನೋಡಿದ. ಎಂಜಿನ್ ಕೇಳಿದ. ಅವನಿಗೆ ಅನುಮಾನ ಬಂತು.

"ಅಂಕಲ್, ಗಾಡಿ ಇಷ್ಟು ಸೂಪರ್ ಆಗಿದೆ. ಏನಾದ್ರೂ ಪ್ರಾಬ್ಲಮ್ ಇದ್ಯಾ? ಯಾಕೆ ಮಾರ್ತಿದ್ದೀರಾ?"

ಅನುಸೂಯಮ್ಮ ಬಾಗಿಲಲ್ಲಿ ನಿಂತಿದ್ದರು. ಗಂಡ ಕಣ್ಣಿನ ತೊಂದರೆ ಎನ್ನುತ್ತಾರೋ, ಬೆನ್ನು ನೋವು ಎನ್ನುತ್ತಾರೋ ಎಂದು ಕಾದರು. ಹೇಳಿದ್ದರೂ ಅವರು ಏನೂ ಅನ್ನುತ್ತಿರಲಿಲ್ಲ.

"ಗಾಡಿಗೇನೂ ಪ್ರಾಬ್ಲಮ್ ಇಲ್ಲಪ್ಪ," ಎಂದರು ರಾಯರು. "ಅಡೆ ಇಲ್ಲದೆ, ಸ್ಟ್ಯಾಂಡ್ ಇಲ್ಲದೆ ಇದರ ಕೆಳಗೆ ಕೈ ಇಟ್ಟೆ. ಗೊತ್ತಿದ್ದೂ ಇಟ್ಟೆ. ನೀನು ಇಡಬೇಡ. ಹಿಂದಿನ ಚಕ್ರ ಎತ್ತೋವಾಗ ಹ್ಯಾಂಡ್‌ಬ್ರೇಕ್ ನಂಬಬೇಡ, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡೆ ಕೊಡು. ಯಾವ ದಿನವಾದ್ರೂ ಸರಿ, ಹಬ್ಬವಾದ್ರೂ ಸರಿ."

ಅಷ್ಟೇ. ರಾಯರ ಜೀವನದ ಅತಿ ಚಿಕ್ಕ ಪಾಠ. ಅಮೃತ್ ತಲೆಯಾಡಿಸಿ, ಬಗ್ಗಿ ಇಬ್ಬರಿಗೂ ನಮಸ್ಕಾರ ಮಾಡಿ ಲಾರಿ ಹತ್ತಿದ.

ಲಾರಿ ಬೀದಿಯ ಕೊನೆಯಲ್ಲಿ ಎಡಕ್ಕೆ ಸಿಗ್ನಲ್ ಹಾಕಿ ಮರೆಯಾಯಿತು. ರಾಯರು ನೋಡುತ್ತಲೇ ನಿಂತರು. ದುಃಖವಾಗುತ್ತಿತ್ತು, ತಡೆಯಲಾರದಷ್ಟು. ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದೆಂದು ತೋಚಲಿಲ್ಲ. ಪಕ್ಕದಲ್ಲಿ ಯಾವಾಗ ಬಂದು ನಿಂತರೋ, ಅನುಸೂಯಮ್ಮ ಅವರ ಬಲಗೈ ಹಿಡಿದುಕೊಂಡರು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಮೈಸೂರಿನಲ್ಲಾಗಲಿ ಸಿಡ್ನಿಯಲ್ಲಾಗಲಿ ಬೀದಿಯಲ್ಲಿ ಕೈ ಹಿಡಿದು ನಿಂತವರಲ್ಲ ಅವರು.

"ಏಯ್, ಬಿಡೇ. ಯಾರಾದ್ರೂ ನೋಡ್ತಾರೆ."

"ನೋಡ್ಲಿ."

ಮನೆಯವರೆಗೂ ಬಿಡಲಿಲ್ಲ. ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಅನುಸೂಯಮ್ಮ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೀಲಿಯನ್ನು ಒಂದೇ ಕೈಯಲ್ಲಿ ತಡಕಾಡಿ, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಬಾಗಿಲು ತೆಗೆದರು.